ಪಲ್ವಂಕರ್ ಬಾಲೂ

ಪಲ್ವಂಕರ್ ಬಾಲೂ ಅವರು 1876ರಲ್ಲಿ ಧಾರವಾಡದಲ್ಲಿ ಜನಿಸಿದರು. ತಂದೆ ಸೈನ್ಯದಲ್ಲಿದ್ದರು. ಅಸ್ಪೃಶ್ಯರೆಂದು ಸಮಾಜವು ದೂರವಿರಿಸಿದ್ದ ಕುಟುಂಬ ಅವರದು. ಪುಣೆಯಲ್ಲಿ ಯುರೋಪಿಯನ್ನರ ಕ್ಲಬ್ಬೊಂದರ ಕ್ರಿಕೆಟ್ ಮೈದಾನವನ್ನು ಹಸನುಗೊಳಿಸುವ ಕೆಲಸ ಅವರಿಗೆ ದೊರೆಯಿತು. ತಿಂಗಳ ಸಂಬಳ ನಾಲ್ಕು ರೂಪಾಯಿ. ಅಲ್ಲಿನ ಆಟಗಾರರ ಅಭ್ಯಾಸಕ್ಕಾಗಿ ಅವರು ಗಂಟೆಗಟ್ಟಲೆ ಚೆಂಡೆಸೆಯುತ್ತಿದ್ದರು. ದಾಂಡು ಹಿಡಿಯುವ ಅವಕಾಶ ಮಾತ್ರ ಅವರಿಗಿರಲಿಲ್ಲ. ಆ ದುಡಿಮೆಯೇ ಅವರ ಎಡಗೈಯ ನಿಧಾನಗತಿಯ ಎಸೆತಕ್ಕೆ ಅಪೂರ್ವವಾದ ಹಿಡಿತವನ್ನು ತಂದಿತು.

ಗೆಲುವಿನ ಹಂಬಲದಿಂದ ಪುಣೆಯ ಹಿಂದೂ ತಂಡವು ಅವರನ್ನು ಸೇರಿಸಿಕೊಂಡಿತು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಆದರೆ ವಿರಾಮದ ವೇಳೆಯಲ್ಲಿ ಅವರಿಗೆ ಹೊರಗೆ, ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡುತ್ತಿದ್ದರು. ಬಾಲೂ ಎದೆಗುಂದಲಿಲ್ಲ. ಮುಂದೆ ಮುಂಬಯಿಗೆ ಬಂದು, 1906ರಲ್ಲಿ ಹಿಂದೂ ತಂಡವು ಯುರೋಪಿಯನ್ನರನ್ನು ಸೋಲಿಸಿದಾಗ ಆ ವಿಜಯದಲ್ಲಿ ಪ್ರಮುಖ ಪಾತ್ರ ವಹಿಸಿದರು. 1911ರಲ್ಲಿ ಅಖಿಲ ಭಾರತ ತಂಡದೊಡನೆ ಇಂಗ್ಲೆಂಡಿಗೆ ಹೋದರು. ತಂಡವು ಹೆಚ್ಚಿನ ಪಂದ್ಯಗಳಲ್ಲಿ ಸೋತರೂ ಬಾಲೂ 114 ವಿಕೆಟ್‌ಗಳನ್ನು ಪಡೆದು ಆಂಗ್ಲರ ಮೆಚ್ಚುಗೆಗೆ ಪಾತ್ರರಾದರು.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಒಲಿಯಲಿಲ್ಲ. ಅದಕ್ಕೆ ಅಡ್ಡವಾದುದು ಯೋಗ್ಯತೆಯ ಕೊರತೆಯಲ್ಲ, ಹುಟ್ಟು. ಅವರ ಸೋದರರಾದ ಶಿವರಾಮ, ಗಣಪತ ಮತ್ತು ವಿಠ್ಠಲರೂ ಒಳ್ಳೆಯ ಆಟಗಾರರಾಗಿದ್ದರು. ಅಣ್ಣನಿಗೆ ದೊರೆಯದ ಆ ಗೌರವ 1923ರಲ್ಲಿ ತಮ್ಮ ವಿಠ್ಠಲರಿಗೆ ದೊರೆಯಿತು. ಅವರ ನಾಯಕತ್ವದಲ್ಲಿ ತಂಡ ಜಯಶಾಲಿಯಾಯಿತು.

ಬಾಲೂ 1955ರಲ್ಲಿ ಮುಂಬಯಿಯಲ್ಲಿ ನಿಧನರಾದರು. ಮೈದಾನವನ್ನು ಸಮಗೊಳಿಸುವ ಕೆಲಸದಿಂದ ಬದುಕನ್ನಾರಂಭಿಸಿದ ಅವರು ಸಮಾಜದ ಏರುಪೇರುಗಳನ್ನು ಸಮಗೊಳಿಸುವ ಕಾರ್ಯಕ್ಕೂ ತಮ್ಮ ಆಟದಿಂದಲೇ ನಾಂದಿ ಹಾಡಿದರು.