ಎಲಿನಾರ್ ರೂಸ್‌ವೆಲ್ಟ್: ಮಡದಿಯೂ ಮನಸ್ಸಾಕ್ಷಿಯೂ

ದೊರೆಯ ಮಡದಿಯಾದವಳು ಹೇಗಿರಬೇಕೆಂಬುದನ್ನು ಲೋಕವು ಬಹು ಹಿಂದೆಯೇ ಗೊತ್ತುಮಾಡಿಟ್ಟಿದೆ. ಪೀಠದ ಪಕ್ಕದಲ್ಲಿ ಆಕೆ ಶೋಭಿಸಬೇಕು. ಬಂದವರನ್ನು ನಗುಮೊಗದಿಂದ ಸತ್ಕರಿಸಬೇಕು. ರಾಜಕಾರ್ಯದ ಮಾತು ಬಂದಾಗ ಸುಮ್ಮನಿರಬೇಕು. ತುಂಬಿದ ಸಭೆಯಲ್ಲಿ ಪ್ರಶ್ನೆಯನ್ನೆತ್ತಿದ ದ್ರೌಪದಿಯನ್ನು ನಮ್ಮ ಕವಿಗಳು ಎಷ್ಟೇ ಗೌರವದಿಂದ ಚಿತ್ರಿಸಿದ್ದರೂ, ಆ ಪ್ರಶ್ನೆಗೆ ಹಿರಿಯರಿಂದ ನೆಟ್ಟನೆಯ ಉತ್ತರ ಬರಲಿಲ್ಲವೆಂಬುದನ್ನೂ ಅವರೇ ಕಾಣಿಸಿದ್ದಾರೆ. ಅರಸರು ಹೋಗಿ ಅಧ್ಯಕ್ಷರು ಬಂದ ನಾಡುಗಳಲ್ಲಿಯೂ ಮಡದಿಯ ಪಾಲಿನ ಈ ನಿಯಮ ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಅದನ್ನು ಮುರಿದವರಲ್ಲಿ ಮೊದಲು ನೆನೆಯಬೇಕಾದವಳು ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟನ ಪತ್ನಿ ಎಲಿನಾರ್. 1933ರಿಂದ 1945ರವರೆಗೆ ಶ್ವೇತಭವನದಲ್ಲಿದ್ದ ಈಕೆ ಜನರಿಂದ ಚುನಾಯಿತಳಾದವಳಲ್ಲ. ಆದರೂ ಆ ಕಾಲದಲ್ಲಿ ಆಕೆಯ ಮಾತಿಗೆ ಕಿವಿಗೊಡದವರಿಲ್ಲ. ಈ ಬಲ ಆಕೆಗೆ ಎಲ್ಲಿಂದ ಬಂದಿತು, ಅದಕ್ಕೆ ತೆತ್ತ ಬೆಲೆಯೇನು, ಅದು ಎಲ್ಲಿ ಸೋತಿತು ಎಂಬುದನ್ನು ನೋಡುವುದೇ ಈ ಬರಹದ ಉದ್ದೇಶ.

ಎಲಿನಾರ್ ಹುಟ್ಟಿದ್ದು 1884ರ ಅಕ್ಟೋಬರ್ 11ರಂದು, ನ್ಯೂಯಾರ್ಕ್ ನಗರದ ಸಿರಿವಂತ ಮನೆತನದಲ್ಲಿ. ತಂದೆ ಎಲಿಯಟ್, ಮುಂದೆ ಅಮೆರಿಕದ ಅಧ್ಯಕ್ಷನಾದ ಥಿಯೊಡೋರ್ ರೂಸ್‌ವೆಲ್ಟನ ತಮ್ಮ. ತಾಯಿ ಅನ್ನಾ ಹಾಲ್ ಊರಿಗೆಲ್ಲ ಹೆಸರಾದ ಚೆಲುವೆ. ಮಗಳಿಗೆ ಆ ಚೆಲುವು ಬರಲಿಲ್ಲ. ಮುಖದಲ್ಲಿ ಸದಾ ಗಾಂಭೀರ್ಯವನ್ನು ಹೊತ್ತ ಈ ಮಗುವನ್ನು ತಾಯಿ ಬಂದವರೆದುರಿಗೇ ಅಜ್ಜಿಯೆಂದು ಕರೆದು ಹಾಸ್ಯಮಾಡುತ್ತಿದ್ದಳು. ಮಗು ನಾಚಿಕೆಯಿಂದ ಕುಗ್ಗುತ್ತಿತ್ತು. ತಂದೆ ಮಾತ್ರ ಮಗಳಲ್ಲಿ ಪ್ರಾಣವಿಟ್ಟಿದ್ದನು; ಆದರೆ ಆತ ಕುಡಿತಕ್ಕೆ ದಾಸನಾಗಿ ಮನೆಯಿಂದ ದೂರವಿರಬೇಕಾಯಿತು. 1892ರಲ್ಲಿ ತಾಯಿ, ಮರುವರ್ಷ ತಮ್ಮಂದಿರಲ್ಲೊಬ್ಬ, 1894ರಲ್ಲಿ ತಂದೆ, ಹೀಗೆ ಎರಡು ವರ್ಷಗಳೊಳಗೆ ಮೂವರು ಕಣ್ಮರೆಯಾದರು. ಹತ್ತು ತುಂಬುವ ಮೊದಲೇ ತಬ್ಬಲಿಯಾದ ಹುಡುಗಿ ತಾಯಿಯ ತಾಯಿಯ ಕಟ್ಟುನಿಟ್ಟಿನ ಮನೆಯಲ್ಲಿ ಬೆಳೆದಳು.

ಹದಿನೈದನೆಯ ವಯಸ್ಸಿನಲ್ಲಿ ಆಕೆಯ ಬಾಳಿಗೆ ಒಂದು ಬೆಳಕು ಬಂದಿತು. 1899ರಲ್ಲಿ ಹಿರಿಯರು ಆಕೆಯನ್ನು ಲಂಡನ್ನಿನ ಬಳಿಯ ಆಲನ್ಸ್‌ವುಡ್ ಶಾಲೆಗೆ ಕಳುಹಿಸಿದರು. ಅಲ್ಲಿಯ ಮುಖ್ಯೋಪಾಧ್ಯಾಯಿನಿ ಮರೀ ಸೂವೆಸ್ತ್ರ್ ಫ್ರೆಂಚ್ ಮಹಿಳೆ, ಸ್ವತಂತ್ರ ವಿಚಾರದವಳು. ಪಾಠವನ್ನು ಒಪ್ಪಿಸುವ ವಿದ್ಯಾರ್ಥಿನಿಗಿಂತ ಸ್ವಂತ ಬುದ್ಧಿಯಿಂದ ಎದುರಾಡುವವಳು ಆಕೆಗೆ ಮೆಚ್ಚು. ರಜೆಯಲ್ಲಿ ಎಲಿನಾರಳನ್ನು ತನ್ನೊಡನೆ ಯೂರೋಪಿನ ಪ್ರವಾಸಕ್ಕೆ ಕರೆದೊಯ್ದು, ಪಯಣದ ಏರ್ಪಾಟನ್ನೆಲ್ಲ ಆಕೆಗೇ ವಹಿಸುತ್ತಿದ್ದಳು. ತನ್ನಲ್ಲಿಯೂ ಏನೋ ಸತ್ತ್ವವಿದೆಯೆಂಬ ನಂಬಿಕೆ ಹುಡುಗಿಗೆ ಮೊದಲು ಹುಟ್ಟಿದುದು ಅಲ್ಲಿ. ಗುರುವಿನ ಒಂದು ದೃಷ್ಟಿ ಶಿಷ್ಯರ ಬಾಳನ್ನು ಹೇಗೆ ತಿರುಗಿಸಬಲ್ಲುದೆಂಬುದಕ್ಕೆ ಅಧ್ಯಾಪಕರಾದ ನಾವು ಬೇರೆ ನಿದರ್ಶನವನ್ನು ಅರಸಬೇಕಾಗಿಲ್ಲ.

1902ರಲ್ಲಿ ಊರಿಗೆ ಮರಳಿದ ಎಲಿನಾರಳಿಗೆ ಸಿರಿವಂತರ ಔತಣ ನರ್ತನಗಳು ರುಚಿಸಲಿಲ್ಲ. ನ್ಯೂಯಾರ್ಕಿನ ರಿವಿಂಗ್ಟನ್ ಬೀದಿಯಲ್ಲಿ ವಲಸೆಗಾರರ ಮಕ್ಕಳಿಗಾಗಿ ನಡೆಯುತ್ತಿದ್ದ ಸೇವಾಕೇಂದ್ರದಲ್ಲಿ ವ್ಯಾಯಾಮ ನೃತ್ಯಗಳನ್ನು ಕಲಿಸತೊಡಗಿದಳು. ತನ್ನನ್ನು ಮೆಚ್ಚಿದ್ದ ದೂರದ ದಾಯಾದಿ ಫ್ರಾಂಕ್ಲಿನನನ್ನೂ ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋದಳು. ಕಾಯಿಲೆಯಾದ ಮಗುವೊಂದನ್ನು ಅದರ ಮನೆಗೆ ಮುಟ್ಟಿಸಲು ಹೋದ ಆ ಶ್ರೀಮಂತ ತರುಣನು, ಮನುಷ್ಯರು ಇಂಥ ಕತ್ತಲೆಯ ಗೂಡುಗಳಲ್ಲಿಯೂ ಬಾಳುತ್ತಾರೆಂಬುದನ್ನು ಕಂಡು ದಂಗುಬಡಿದನು. ಮುಂದೆ ಹನ್ನೆರಡು ವರ್ಷ ಶ್ವೇತಭವನದಲ್ಲಿ ಆಕೆ ಮಾಡಿದುದೂ ಇದನ್ನೇ: ಗಂಡನು ನೋಡಲಾಗದುದನ್ನು ತಾನು ನೋಡಿ ಅವನ ಕಣ್ಣಿಗೆ ಮುಟ್ಟಿಸುವುದು.

1905ರ ಮಾರ್ಚ್ 17ರಂದು ಮದುವೆ. ಆಗ ಅಧ್ಯಕ್ಷನಾಗಿದ್ದ ದೊಡ್ಡಪ್ಪನೇ ಕನ್ಯೆಯನ್ನು ಧಾರೆಯೆರೆದನೆನ್ನಬೇಕು. ಆರು ಮಕ್ಕಳು ಹುಟ್ಟಿದವು. ಒಂದು ಶಿಶುವಾಗಿದ್ದಾಗಲೇ ತೀರಿಕೊಂಡಿತು. ಮನೆಯ ಯಜಮಾನಿಕೆಯೆಲ್ಲ ಅತ್ತೆ ಸಾರಾಳದು. ಮಗನ ಸಂಸಾರಕ್ಕೆಂದು ಆಕೆ ನ್ಯೂಯಾರ್ಕಿನಲ್ಲಿ ಮನೆ ಕಟ್ಟಿಸಿದಳು. ಪಕ್ಕದಲ್ಲಿಯೇ ತನಗೂ ಒಂದು. ನಡುವೆ ಮಹಡಿ ಮಹಡಿಗೂ ಬಾಗಿಲು. ಯಾವ ಹೊತ್ತಿನಲ್ಲಿ ಯಾವ ಬಾಗಿಲಿನಿಂದ ಅತ್ತೆ ಬರುವಳೋ ಸೊಸೆಗೆ ತಿಳಿಯದು. ಆ ಮನೆಗೆ ಹೋದ ಕೆಲವು ವಾರಗಳಲ್ಲಿ ಕನ್ನಡಿಯ ಮುಂದೆ ಕುಳಿತು ತಾನು ಬಿಕ್ಕಿಬಿಕ್ಕಿ ಅತ್ತುದನ್ನೂ, ಗಂಡನು ಏಕೆಂದು ತಿಳಿಯದೆ ಬೆರಗಾದುದನ್ನೂ ಆಕೆ ಆತ್ಮಕಥೆಯಲ್ಲಿ ಮರೆಮಾಚದೆ ಬರೆದಿದ್ದಾಳೆ. ಇದು ಅಮೆರಿಕದ ಕಥೆಯಾದರೂ ನಮ್ಮ ಓದುಗರಿಗೆ ಇದಕ್ಕೆ ವ್ಯಾಖ್ಯಾನ ಬೇಕಾಗದು.

ಎರಡು ಆಘಾತಗಳು ಆಕೆಯನ್ನು ಆ ಮನೆಯ ಕಟ್ಟಿನಿಂದ ಹೊರಕ್ಕೆ ತಂದವು. 1918ರಲ್ಲಿ, ನೌಕಾಖಾತೆಯ ಉಪಕಾರ್ಯದರ್ಶಿಯಾಗಿದ್ದ ಗಂಡ ಯೂರೋಪಿನಿಂದ ಕಾಯಿಲೆಯಾಗಿ ಮರಳಿದಾಗ ಅವನ ಸಾಮಾನನ್ನು ಬಿಚ್ಚುತ್ತಿದ್ದ ಎಲಿನಾರಳ ಕೈಗೆ, ತನ್ನ ಬಳಿಯೇ ಕೆಲಸಕ್ಕಿದ್ದ ಲೂಸಿ ಮರ್ಸರ್ ಅವನಿಗೆ ಬರೆದ ಪ್ರೇಮಪತ್ರಗಳು ಸಿಕ್ಕಿದವು. ಬಿಡುಗಡೆ ಕೊಡಲು ಆಕೆ ಸಿದ್ಧಳಾದಳು. ಮದುವೆ ಮುರಿಯಲಿಲ್ಲ, ಆದರೆ ಅದರ ಸ್ವರೂಪವೇ ಬೇರೆಯಾಯಿತು. ಅಂದಿನಿಂದ ಅವರು ಒಂದು ಕಾರ್ಯದಲ್ಲಿ ಜೊತೆಗಾರರು. 1921ರಲ್ಲಿ ಫ್ರಾಂಕ್ಲಿನನಿಗೆ ಪೋಲಿಯೋ ತಗುಲಿ ಕಾಲುಗಳು ಸ್ವಾಧೀನ ತಪ್ಪಿದವು. ಮಗನು ಹಳ್ಳಿಯ ಮನೆಯಲ್ಲಿ ವಿಶ್ರಾಂತನಾಗಿರಲೆಂಬುದು ತಾಯಿಯ ಹಟ. ಅವನು ರಾಜಕಾರಣವನ್ನು ಬಿಡಕೂಡದೆಂಬುದು ಹೆಂಡತಿಯ ನಿಲುವು. ಅತ್ತೆಗೆ ಎದುರಾಗಿ ಸೊಸೆ ಆಗ ಗೆದ್ದಳು.

ಗಂಡನ ಹೆಸರು ಜನರ ನೆನಪಿನಿಂದ ಮಾಸದಿರಲೆಂದು ಆಕೆಯೇ ಸಭೆಗಳಿಗೆ ಹೋಗತೊಡಗಿದಳು. ಮೊದಮೊದಲು ನಡುಗುವ ದನಿ, ಅಳುಕಿನ ಕಿಸಕ್ಕನೆಯ ನಗೆ. ಫ್ರಾಂಕ್ಲಿನನ ಆಪ್ತ ಸಲಹೆಗಾರ ಲೂಯಿ ಹೌ ಹಿಂದಿನ ಸಾಲಿನಲ್ಲಿ ಕುಳಿತು, ಭಾಷಣ ಮುಗಿದಮೇಲೆ ಒಂದೊಂದು ತಪ್ಪನ್ನೂ ತಿದ್ದುತ್ತಿದ್ದನು. ಮಹಿಳಾ ಮತದಾರರ ಸಂಘ, ಕಾರ್ಮಿಕ ಸ್ತ್ರೀಯರ ಸಂಘ, ಪಕ್ಷದ ಮಹಿಳಾ ವಿಭಾಗ, ಇವೆಲ್ಲ ಆಕೆಯ ಕಾರ್ಯಕ್ಷೇತ್ರಗಳಾದವು. 1927ರಿಂದ ಗೆಳತಿಯರೊಡನೆ ಹೆಣ್ಣುಮಕ್ಕಳ ಶಾಲೆಯೊಂದನ್ನು ವಹಿಸಿಕೊಂಡು ಇತಿಹಾಸ ಸಾಹಿತ್ಯಗಳನ್ನು ಕಲಿಸಿದಳು.

1933ರ ಮಾರ್ಚ್ 4ರಂದು ಫ್ರಾಂಕ್ಲಿನ್ ಅಧ್ಯಕ್ಷನಾದನು. ನಾಡು ಆರ್ಥಿಕ ಮುಗ್ಗಟ್ಟಿನಲ್ಲಿ ತತ್ತರಿಸುತ್ತಿದ್ದ ಕಾಲ. ಎರಡೇ ದಿನಕ್ಕೆ ಎಲಿನಾರ್ ತನ್ನದೇ ಪತ್ರಿಕಾಗೋಷ್ಠಿಯನ್ನು ಕರೆದಳು. ಅದರಲ್ಲಿ ಒಂದು ಜಾಣ್ಮೆಯಿತ್ತು: ಮಹಿಳಾ ವರದಿಗಾರರಿಗೆ ಮಾತ್ರ ಅಲ್ಲಿ ಪ್ರವೇಶ. ಆಕೆಯ ಸುದ್ದಿ ಬೇಕಾದರೆ ಪತ್ರಿಕೆಗಳು ಹೆಂಗಸರನ್ನು ಕೆಲಸದಲ್ಲಿ ಇಟ್ಟುಕೊಳ್ಳದೆ ಗತ್ಯಂತರವಿರಲಿಲ್ಲ. 1935ರ ಡಿಸೆಂಬರಿನಲ್ಲಿ ಮೈ ಡೇ ಎಂಬ ಅಂಕಣವನ್ನು ಆರಂಭಿಸಿದಳು. ಬಹುಕಾಲ ವಾರಕ್ಕೆ ಆರು ದಿನ ಬರುತ್ತಿದ್ದ ಈ ಅಂಕಣ ಇಪ್ಪತ್ತಾರು ವರ್ಷ ಮೀರಿ, 1962ರವರೆಗೆ ನಡೆಯಿತು. ಗಣಿಗಳಿಗೆ, ಕೊಳಚೆ ಬೀದಿಗಳಿಗೆ, ಆಸ್ಪತ್ರೆಗಳಿಗೆ ಆಕೆ ತಾನೇ ಹೋಗಿ, ಕಂಡುದನ್ನು ಗಂಡನಿಗೆ ತಿಳಿಸುತ್ತಿದ್ದಳು. ಅಧ್ಯಕ್ಷನಿಗೆ ವರದಿ ಒಪ್ಪಿಸುವ ಅಧಿಕಾರಿಗಳು ಎಷ್ಟೋ ಮಂದಿ. ಅಡುಗೆಮನೆಯ ಪಾತ್ರೆಯ ಮುಚ್ಚಳ ತೆಗೆದು ನೋಡಿ ಬಂದವಳು ಇವಳೊಬ್ಬಳು.

ಆಕೆಯ ಸತ್ತ್ವಪರೀಕ್ಷೆ ನಡೆದುದು ಕಪ್ಪು ಜನರ ವಿಷಯದಲ್ಲಿ. ಗುಂಪುಗೂಡಿ ಅವರನ್ನು ನೇಣಿಗೇರಿಸಿ ಕೊಲ್ಲುವ ಪಾತಕ ಆಗಲೂ ನಿಂತಿರಲಿಲ್ಲ. ಅದನ್ನು ತಡೆಯುವ ಮಸೂದೆಯನ್ನು ಬೆಂಬಲಿಸಬೇಕೆಂದು 1934ರಿಂದ ಆಕೆ ಗಂಡನನ್ನು ಬಿಡದೆ ಕಾಡಿದಳು. ದಕ್ಷಿಣದ ಸದಸ್ಯರು ಮುನಿದರೆ ತನ್ನ ಪರಿಹಾರ ಯೋಜನೆಗಳೆಲ್ಲ ಬಿದ್ದುಹೋಗುವುವೆಂದು ಅವನು ಹಿಂದೆಗೆದನು. ಮಸೂದೆ ಬಿದ್ದುಹೋಯಿತು. ಶಾಸನದಿಂದ ಆಗದುದನ್ನು ಆಕೆ ನಡತೆಯಿಂದ ತೋರಿಸಹೊರಟಳು. 1938ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದ ಸಭೆಯೊಂದರಲ್ಲಿ ಬಿಳಿಯರು ಒಂದು ಕಡೆ, ಕಪ್ಪು ಜನ ಇನ್ನೊಂದು ಕಡೆ ಕೂರಬೇಕೆಂದು ಪೋಲೀಸರು ಕಟ್ಟುಮಾಡಿದರು. ಎಲಿನಾರ್ ತನ್ನ ಕುರ್ಚಿಯನ್ನು ಎರಡು ಗುಂಪುಗಳ ನಡುವಣ ಓಣಿಯಲ್ಲಿ ಹಾಕಿಸಿಕೊಂಡು ಕುಳಿತಳು. ಮರುವರ್ಷ ಮರಿಯನ್ ಆಂಡರ್‌ಸನ್ ಎಂಬ ಮಹಾಗಾಯಕಿಗೆ, ಕಪ್ಪು ಬಣ್ಣದವಳೆಂಬ ಕಾರಣದಿಂದ, ವಾಷಿಂಗ್ಟನ್ನಿನ ತನ್ನ ಸಭಾಭವನವನ್ನು ಪ್ರತಿಷ್ಠಿತ ಮಹಿಳಾ ಸಂಸ್ಥೆಯೊಂದು ಕೊಡಲೊಪ್ಪಲಿಲ್ಲ. ಎಲಿನಾರ್ ಆ ಸಂಸ್ಥೆಗೆ ರಾಜೀನಾಮೆಯಿತ್ತು, ಅದನ್ನು ಅಂಕಣದಲ್ಲಿ ಪ್ರಕಟಿಸಿದಳು. 1939ರ ಏಪ್ರಿಲ್ 9ರಂದು ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ಬಯಲಿನಲ್ಲಿ ಗಾಯನ ನಡೆಯಿತು. ಸುಮಾರು 75,000 ಜನ ಸೇರಿ ಕೇಳಿದರು.

ಆದರೆ ಜೀವನಚರಿತ್ರೆಯೆಂಬುದು ಸ್ತೋತ್ರವಾಗಬಾರದು. 1942ರಲ್ಲಿ, ಯುದ್ಧದ ಭೀತಿಯಿಂದ, ಸುಮಾರು 1,20,000 ಮಂದಿ ಜಪಾನೀ ಮೂಲದವರನ್ನು ಅವರ ಮನೆಗಳಿಂದ ಹೊರಡಿಸಿ ಶಿಬಿರಗಳಲ್ಲಿ ಕೂಡಿಡಲು ಫ್ರಾಂಕ್ಲಿನ್ ಅಪ್ಪಣೆ ಮಾಡಿದನು. ಅವರಲ್ಲಿ ಬಹುಮಂದಿ ಅಮೆರಿಕದ ಪ್ರಜೆಗಳೇ. ಎಲಿನಾರಳಿಗೆ ಇದು ಅನ್ಯಾಯವೆಂದು ತೋರಿತ್ತು, ಏಕಾಂತದಲ್ಲಿ ವಿರೋಧಿಸಿದಳು. ಅಪ್ಪಣೆ ಹೊರಟಮೇಲೆ ಬಹಿರಂಗದಲ್ಲಿ ಅದರ ವಿರುದ್ಧ ದನಿಯೆತ್ತಲಿಲ್ಲ. 1943ರಲ್ಲಿ ಅರಿಜೋನಾದ ಶಿಬಿರವೊಂದಕ್ಕೆ ಹೋಗಿ ಬಂದು, ಈ ಜನರನ್ನು ಆದಷ್ಟು ಬೇಗ ಬಿಡುಗಡೆ ಮಾಡಬೇಕೆಂಬ ಪಕ್ಷ ವಹಿಸಿದಳಾದರೂ, ಆಡಬೇಕಾದ ಹೊತ್ತಿನಲ್ಲಿ ಆಡಲಿಲ್ಲವೆಂಬ ಮಾತು ಉಳಿಯುತ್ತದೆ. ಗಂಡನ ಹೆಸರಿನಿಂದ ಬಂದ ಬಲಕ್ಕೆ ಗಂಡನ ಆಜ್ಞೆಯೇ ಗಡಿಯಾಗಿತ್ತು.

1945ರ ಏಪ್ರಿಲ್ 12ರಂದು ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಫ್ರಾಂಕ್ಲಿನ್ ಹಠಾತ್ತನೆ ತೀರಿಕೊಂಡನು. ಆ ಕೊನೆಯ ದಿನ ಲೂಸಿ ಅಲ್ಲಿದ್ದಳೆಂಬುದೂ, ಅವರ ಭೇಟಿಗಳಿಗೆ ತನ್ನ ಮಗಳೇ ಅನುವು ಮಾಡಿಕೊಟ್ಟಿದ್ದಳೆಂಬುದೂ ಎಲಿನಾರಳಿಗೆ ಆಗ ತಿಳಿದವು. ಆ ನೋವನ್ನು ನುಂಗಿಕೊಂಡು ಆಕೆ ಶ್ವೇತಭವನವನ್ನು ಬಿಟ್ಟಳು. ತನ್ನ ಕಥೆ ಮುಗಿಯಿತೆಂದೇ ಭಾವಿಸಿದ್ದಳು.

ವಾಸ್ತವವಾಗಿ ಆಕೆಯ ಅತ್ಯುತ್ತಮ ಕಾರ್ಯ ಆಮೇಲೆಯೇ ನಡೆಯಿತು. ವರ್ಷ ಕಳೆಯುವುದರೊಳಗೆ ಹೊಸ ಅಧ್ಯಕ್ಷ ಟ್ರೂಮನ್ ಆಕೆಯನ್ನು ವಿಶ್ವಸಂಸ್ಥೆಯ ನಿಯೋಗಕ್ಕೆ ನೇಮಿಸಿದನು. ಜೊತೆಯ ಗಂಡಸರು, ಗದ್ದಲವಿಲ್ಲದ ಕೆಲಸವೆಂದು ತಿಳಿದು, ಸಾಮಾಜಿಕ ವಿಷಯಗಳ ಮೂರನೆಯ ಸಮಿತಿಯನ್ನು ಆಕೆಯ ಪಾಲಿಗೆ ಬಿಟ್ಟರು. ನಿರಾಶ್ರಿತರನ್ನು ಬಲವಂತವಾಗಿ ಅವರ ನಾಡುಗಳಿಗೆ ಅಟ್ಟಬಹುದೇ ಎಂಬ ಬಿಸಿಯಾದ ವಾದ ಆ ಸಮಿತಿಯಲ್ಲಿಯೇ ಎದ್ದಿತು. ಸೋವಿಯತ್ ಪ್ರತಿನಿಧಿ ವಿಷಿನ್‌ಸ್ಕಿಗೆ ಉತ್ತರ ಕೊಡಲು ಆಕೆಯೇ ನಿಲ್ಲಬೇಕಾಯಿತು. ಬಳಿಕ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷಿಣಿಯಾಗಿ ವಿಶ್ವ ಘೋಷಣೆಯ ಕರಡನ್ನು ರೂಪಿಸುವ ಹೊಣೆ ಹೊತ್ತಳು.

ಇಲ್ಲಿ ಭಾರತಕ್ಕೆ ಸಂಬಂಧಿಸಿದ ಒಂದು ಪ್ರಸಂಗವಿದೆ. ಕರಡಿನ ಮೊದಲ ವಿಧಿಯಲ್ಲಿ ಇಂಗ್ಲಿಷಿನ ರೂಢಿಯಂತೆ ಪುರುಷವಾಚಕವಾದ ಪದವನ್ನೇ ಎಲ್ಲ ಮನುಷ್ಯರ ಅರ್ಥದಲ್ಲಿ ಬಳಸಿತ್ತು. ಅದರಲ್ಲಿ ಹೆಂಗಸರೂ ಅಡಕವೆಂಬುದು ಎಲಿನಾರಳ ಎಣಿಕೆ. ನಮ್ಮ ದೇಶದ ಪ್ರತಿನಿಧಿ ಶ್ರೀಮತಿ ಹಂಸಾ ಮೆಹ್ತಾ ಅವರು ಇದನ್ನು ಒಪ್ಪಲಿಲ್ಲ. ಆ ಪದವನ್ನೇ ಹಿಡಿದು ಹೆಂಗಸರನ್ನು ಹೊರಗಿಡುವ ನಾಡುಗಳಿವೆಯೆಂದು ವಾದಿಸಿದರು. ಕೊನೆಗೆ ಮಾನವಜೀವಿಗಳೆಲ್ಲರೂ ಎಂಬರ್ಥದ ಮಾತು ಘೋಷಣೆಯಲ್ಲಿ ನಿಂತಿತು. ಒಂದು ಪದದ ಬದಲಾವಣೆ ಎಷ್ಟು ದೂರ ಮುಟ್ಟಬಲ್ಲುದೆಂಬುದನ್ನು ಭಾಷೆಯ ವಿದ್ಯಾರ್ಥಿಗಳು ಗಮನಿಸಬೇಕು. 1948ರ ಡಿಸೆಂಬರ್ 10ರಂದು ಪ್ಯಾರಿಸ್ಸಿನಲ್ಲಿ ಘೋಷಣೆ ಅಂಗೀಕೃತವಾಯಿತು: ಪರವಾಗಿ 48 ರಾಷ್ಟ್ರಗಳು, ವಿರೋಧ ಒಂದೂ ಇಲ್ಲ, ತಟಸ್ಥ 8.

ಈ ವಿಜಯದಲ್ಲಿಯೂ ಒಂದು ನೆರಳಿದೆ. ತಮಗಾಗುತ್ತಿದ್ದ ಅನ್ಯಾಯವನ್ನು ವಿವರಿಸಿ ಅಮೆರಿಕದ ಕಪ್ಪು ಜನರ ಸಂಸ್ಥೆ 1947ರಲ್ಲಿ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯನ್ನು ಎಲಿನಾರ್ ಕೈಗೆತ್ತಿಕೊಳ್ಳಲಿಲ್ಲ. ಸೋವಿಯತ್ ಪಕ್ಷದವರು ಅದನ್ನು ಆಯುಧವಾಗಿ ಹಿಡಿಯುವರೆಂಬ ಅಂಜಿಕೆ. ಗಂಡನ ಮನೆಯ ಗಡಿ ಹೋಗಿ ದೇಶದ ಗಡಿ ಬಂದಿತ್ತು.

1952ರಲ್ಲಿ ಭಾರತಕ್ಕೆ ಬಂದು ಸಂಚರಿಸಿ ಆ ಪ್ರವಾಸದ ಪುಸ್ತಕವನ್ನು ಬರೆದಳು. 1961ರಲ್ಲಿ ಕೆನೆಡಿ ನೇಮಿಸಿದ ಮಹಿಳೆಯರ ಸ್ಥಾನಮಾನದ ಆಯೋಗಕ್ಕೆ ಅಧ್ಯಕ್ಷಿಣಿಯಾದಳು. ಆ ಕೆಲಸ ಮುಗಿಯುವ ಮೊದಲೇ, 1962ರ ನವೆಂಬರ್ 7ರಂದು, 78ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಹೈಡ್ ಪಾರ್ಕಿನ ಗುಲಾಬಿ ತೋಟದಲ್ಲಿ ಗಂಡನ ಪಕ್ಕದಲ್ಲಿಯೇ ಆಕೆಯ ಸಮಾಧಿಯಿದೆ.

ಎಲಿನಾರ್ ತಪ್ಪದೆ ನಡೆದವಳಲ್ಲ. ಎಳೆತನದಲ್ಲಿ ತನ್ನ ವರ್ಗದ ಕುರುಡು ನಂಬಿಕೆಗಳು ಆಕೆಗೂ ಇದ್ದವು. ಯಹೂದಿಗಳನ್ನು ಕುರಿತು ತರುಣಿಯಾಗಿದ್ದಾಗ ಬರೆದ ಕಾಗದಗಳು ಓದಲು ಹಿತವಲ್ಲ. ಅದೇ ಎಲಿನಾರ್ ಮುಂದೆ ನಾಜಿಗಳಿಂದ ತಪ್ಪಿಸಿಕೊಂಡು ಬಂದವರಿಗಾಗಿ ಸರಕಾರದ ಬಾಗಿಲು ತಟ್ಟಿದಳು. ಬಾಳಿನ ಕೊನೆಯವರೆಗೂ ಕಲಿಯುತ್ತಲೇ ಇದ್ದಳು. ಕಲಿತುದರಂತೆ ನಡೆಯಲು ಯತ್ನಿಸಿದಳು. ಬರ್ಮಿಂಗ್‌ಹ್ಯಾಮಿನ ಸಭೆಯಲ್ಲಿ ಆಕೆ ಕುಳಿತ ಜಾಗ ಇತ್ತಲೂ ಅಲ್ಲ, ಅತ್ತಲೂ ಅಲ್ಲ. ನಿಯಮವನ್ನು ಪೂರ್ತಿ ಮುರಿಯಲಾರದೆ, ಅದಕ್ಕೆ ತಲೆಬಾಗಲೂ ಒಲ್ಲದೆ, ನಡುವೆ ಹಾಕಿಕೊಂಡ ಆ ಕುರ್ಚಿಯಲ್ಲಿ ಆಕೆಯ ಬಾಳಿನ ಕಷ್ಟವೂ ಇದೆ, ಹಿರಿಮೆಯೂ ಇದೆ.