ಸಂತ ಪೌಲರ ಗುರು ಗಮಲಿಯೇಲರು

ಪ್ರಥಮ ಶತಮಾನದ ಜೆರುಸಲೇಮಿನಲ್ಲಿ ಸರ್ವರ ಗೌರವಕ್ಕೆ ಪಾತ್ರರಾಗಿದ್ದ ಧರ್ಮಶಾಸ್ತ್ರಜ್ಞ ಗಮಲಿಯೇಲರನ್ನು ನಾವು ಸಂತ ಪೌಲರ ಗುರುವೆಂದು ಬಲ್ಲೆವು. ಸತ್ತವರಿಗೆ ಪುನರುತ್ಥಾನವಿಲ್ಲವೆಂದು ಸದ್ದುಕಾಯರು ವಾದಿಸುತ್ತಿದ್ದ ಕಾಲದಲ್ಲಿ, ಉಂಟೆಂದು ನಂಬಿದ ಫರಿಸಾಯರ ಪಂಗಡಕ್ಕೆ ಸೇರಿದವರು ಇವರು.

ಪರಲೋಕವನ್ನು ನಂಬಿದ ಈ ಗುರು ಇಹಲೋಕದ ಸ್ತ್ರೀಯರ ಸಂಕಟವನ್ನು ಮರೆಯಲಿಲ್ಲ. ಪತಿ ಮಡಿದುದಕ್ಕೆ ಒಬ್ಬನೇ ಸಾಕ್ಷಿಯಿದ್ದರೂ ಪತ್ನಿ ಪುನರ್ವಿವಾಹವಾಗಬಹುದೆಂದು ಬೋಧಿಸಿದರು. ಕಳುಹಿಸಿದ ವಿಚ್ಛೇದನಪತ್ರವನ್ನು ಆಕೆಗೆ ತಿಳಿಯದಂತೆ ಪತಿ ಬೇರೆಡೆ ರದ್ದುಪಡಿಸುವುದನ್ನು ನಿಷೇಧಿಸಿದರು. ಇವೆರಡನ್ನೂ ಕ್ರಿ.ಶ. 200ರ ಸುಮಾರಿಗೆ ಸಂಕಲಿತವಾದ ಯೆಹೂದ್ಯರ ಮಿಷ್ನಾ ಗ್ರಂಥವು ದಾಖಲಿಸಿದೆ.

ನ್ಯಾಯಸಭೆಯು ಪ್ರೇಷಿತರನ್ನು ಕೊಲ್ಲಲು ಹವಣಿಸಿದಾಗ ಎದ್ದುನಿಂತು ತಡೆದವರೂ ಇವರೇ. ಮರುಜೀವದ ನಂಬಿಕೆಯು ಜೀವಂತರ ಮೇಲಿನ ಕರುಣೆಯಾಗಿ ಫಲಿಸುವುದನ್ನು ನಾವು ಇವರಲ್ಲಿ ಕಾಣುತ್ತೇವೆ.