ಅಣುಸ್ಥಾವರ ಕಟ್ಟಿದ ಕನ್ನಡಿಗ ರಾಜಾ ರಾಮಣ್ಣ: ಕರೆಂಟ್ ಹೋದ ಮೇಲಿನ ನೀರಿನ ಕಥೆ

ಬೆಂಗಳೂರು: ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಹಳೆಯ ಮನೆಗಳಲ್ಲಿ ಅಂಗಳಕ್ಕೊಂದು ಸಂಪ್, ತಾರಸಿಗೊಂದು ಟ್ಯಾಂಕ್ ಇರುವುದು ಸಾಮಾನ್ಯ. ಕರೆಂಟ್ ಇದ್ದಾಗ ಮೋಟಾರ್ ನೀರನ್ನು ಮೇಲಕ್ಕೇರಿಸುತ್ತದೆ. ಕರೆಂಟ್ ಹೋದಾಗ ಅದೇ ನೀರು ತನ್ನ ಭಾರದಿಂದಲೇ ನಲ್ಲಿಗೆ ಇಳಿಯುತ್ತದೆ. ಗೃಹಿಣಿಯರು ಯೋಚಿಸದೆ ಬಳಸುವ ಈ ತತ್ವವೇ ಮುಂಬೈ ಬಳಿಯ ಟ್ರಾಂಬೆಯಲ್ಲಿ ದೇಶದ ಮೊದಲ ತಲೆಮಾರಿನ ಅಣು ರಿಯಾಕ್ಟರ್‌ಗಳನ್ನು ಕಾಯುತ್ತಿತ್ತು. ಆ ರಿಯಾಕ್ಟರ್‌ಗಳ ಬದುಕಿನೊಡನೆ ತಮ್ಮ ಬದುಕನ್ನೂ ಹೆಣೆದುಕೊಂಡವರು ತುಮಕೂರು ಜಿಲ್ಲೆಯಲ್ಲಿ ಜನಿಸಿದ ಡಾ. ರಾಜಾ ರಾಮಣ್ಣ.

ರಾಮಣ್ಣ ಅವರ ಹೆಸರು ಕೇಳಿದೊಡನೆ ಜನರಿಗೆ ನೆನಪಾಗುವುದು 1974ರ ಮೇ 18ರ ಪೋಖ್ರಾನ್ ಸ್ಫೋಟ. ಅದು ಸಹಜವೇ. ಆದರೆ ಸ್ಫೋಟ ಒಂದು ಕ್ಷಣದ ಕೆಲಸ. ರಿಯಾಕ್ಟರನ್ನು ವರ್ಷಗಟ್ಟಲೆ ತಣ್ಣಗಿರಿಸುವುದು ಹಗಲಿರುಳಿನ ಕೆಲಸ. ಅವರ ಸೇವಾವಧಿಯ ಹೆಚ್ಚಿನ ಭಾಗ ಸಂದದ್ದು ಈ ಎರಡನೆಯ ಕೆಲಸದ ನೆರಳಿನಲ್ಲಿ.

1925ರ ಜನವರಿ 28ರಂದು ಜನಿಸಿದ ರಾಮಣ್ಣ ಅವರ ತಂದೆ ಮೈಸೂರು ಸಂಸ್ಥಾನದ ನ್ಯಾಯಾಂಗ ಸೇವೆಯಲ್ಲಿದ್ದರು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಸೇಂಟ್ ಜೋಸೆಫ್ಸ್ ಕಾಲೇಜುಗಳ ನಂತರ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಭೌತಶಾಸ್ತ್ರ ಪದವಿ ಪಡೆದರು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಡಾಕ್ಟರೇಟ್ ಮುಗಿಸಿದರು. ಬಾಲ್ಯದಿಂದಲೇ ಪಿಯಾನೊ ಅವರ ಕೈಹಿಡಿದಿತ್ತು. ಹೋಮಿ ಭಾಭಾ ಅವರ ಪರಿಚಯ ಮೊದಲಿಗೆ ಒದಗಿದ್ದೂ ವಿಜ್ಞಾನದ ಮೂಲಕವಲ್ಲ, ಸಂಗೀತ ಪರೀಕ್ಷಕರೊಬ್ಬರ ಮೂಲಕ ಎಂಬುದು ಸ್ವಾರಸ್ಯಕರ. 1949ರ ಡಿಸೆಂಬರ್‌ನಲ್ಲಿ ಅವರು ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು.

1956ರ ಆಗಸ್ಟ್ 4ರಂದು ಟ್ರಾಂಬೆಯ ‘ಅಪ್ಸರಾ’ ರಿಯಾಕ್ಟರಿನಲ್ಲಿ ಸರಪಳಿ ಕ್ರಿಯೆ ಆರಂಭವಾಯಿತು. ಅದನ್ನು ಕಟ್ಟಿದ ತಂಡದಲ್ಲಿ ರಾಮಣ್ಣ ಇದ್ದರು. ಬೆಂಗಳೂರಿನಲ್ಲೇ ಹುಟ್ಟಿದ ಯುವ ಎಂಜಿನಿಯರ್ ಎಂ.ಆರ್. ಶ್ರೀನಿವಾಸನ್ ಕೂಡ ಇದ್ದರು. ಅಪ್ಸರಾದ ಇಂಧನ ಬ್ರಿಟನ್ನಿನಿಂದ ಬಂದಿತ್ತು, ಉಳಿದ ನಿರ್ಮಾಣ ಇಲ್ಲಿನವರದು. ಅದು ಈಜುಕೊಳದಂಥ ರಿಯಾಕ್ಟರ್. ಇಂಧನವಿರುವ ಗರ್ಭವನ್ನೇ ನೀರಿನಲ್ಲಿ ಮುಳುಗಿಸಿಟ್ಟಿದ್ದರಿಂದ ಪಂಪ್ ನಿಂತರೂ ಸುತ್ತಲಿನ ನೀರು ಶಾಖವನ್ನು ಹೀರಿಕೊಳ್ಳುತ್ತಿತ್ತು. ಅದರ ಶಕ್ತಿಯೂ ಹೆಚ್ಚೆಂದರೆ ಒಂದು ಮೆಗಾವಾಟ್. ಅಲ್ಲಿ ನ್ಯೂಟ್ರಾನ್‌ಗಳ ಮೇಲೆ ಪ್ರಯೋಗ ನಡೆಸುತ್ತ ರಾಮಣ್ಣ ವಿದಳನ ಕ್ರಿಯೆಯ ಪರಿಣತರೆಂದು ಹೆಸರಾದರು. ಮರುವರ್ಷ ಆರಂಭವಾದ ಟ್ರಾಂಬೆ ತರಬೇತಿ ಶಾಲೆಯನ್ನು ರೂಪಿಸಿದವರಲ್ಲಿಯೂ ಅವರು ಪ್ರಮುಖರು. ಮುಂದಿನ ದಶಕಗಳಲ್ಲಿ ದೇಶದ ಅಣುಸ್ಥಾವರಗಳನ್ನು ನಡೆಸಿದ ಬಹುತೇಕ ಎಂಜಿನಿಯರುಗಳು ಆ ಶಾಲೆಯಿಂದಲೇ ಬಂದವರು.

1960ರ ಜುಲೈನಲ್ಲಿ ಕೆನಡಾ ನೆರವಿನ ‘ಸೈರಸ್’ ಚಾಲನೆಗೊಂಡಾಗ ಪರಿಸ್ಥಿತಿ ಬದಲಾಯಿತು. ಅದರ ಶಕ್ತಿ 40 ಮೆಗಾವಾಟ್. ಇಲ್ಲಿ ಪಂಪ್ ನಿಲ್ಲುವುದೆಂದರೆ ಚೇಷ್ಟೆಯ ಮಾತಲ್ಲ.

ಕಾರಣವನ್ನು ಸ್ವಲ್ಪ ವಿವರಿಸಬೇಕು. ಒಲೆಯನ್ನು ಆರಿಸಿದರೆ ಉರಿ ನಿಲ್ಲುತ್ತದೆ. ರಿಯಾಕ್ಟರ್ ಹಾಗಲ್ಲ. ನಿಯಂತ್ರಣ ಸರಳುಗಳನ್ನು ಇಳಿಸಿ ಸರಪಳಿ ಕ್ರಿಯೆಯನ್ನು ನಿಲ್ಲಿಸಿದರೂ, ವಿದಳನದಿಂದ ಹುಟ್ಟಿದ ವಿಕಿರಣಶೀಲ ಧಾತುಗಳು ಶಾಖ ಹೊಮ್ಮಿಸುತ್ತಲೇ ಇರುತ್ತವೆ. ನಿಲ್ಲಿಸಿದ ಕ್ಷಣದಲ್ಲಿ ಈ ಶೇಷಶಾಖ ಪೂರ್ಣ ಶಕ್ತಿಯ ಶೇ 6ರಿಂದ 7ರಷ್ಟು. ಕೈಗಾದ 220 ಮೆಗಾವಾಟ್ ವಿದ್ಯುತ್ ಘಟಕವೊಂದು ಸುಮಾರು 750 ಮೆಗಾವಾಟ್ ಶಾಖ ಉತ್ಪಾದಿಸುತ್ತದೆ ಎಂದರೆ, ಅದನ್ನು ನಿಲ್ಲಿಸಿದೊಡನೆ 45 ಮೆಗಾವಾಟ್‌ಗೂ ಮೀರಿದ ಶಾಖ ಉಳಿದಿರುತ್ತದೆ. ಒಂದು ಗಂಟೆ ಕಳೆದರೂ 10 ಮೆಗಾವಾಟ್‌ನ ಆಸುಪಾಸಿನಲ್ಲಿರುತ್ತದೆ. ಈ ಶಾಖವನ್ನು ನೀರು ಒಯ್ಯದಿದ್ದರೆ ಇಂಧನ ಕರಗುತ್ತದೆ. ಪಂಪ್ ನಡೆಯಲು ವಿದ್ಯುತ್ ಬೇಕು. ಅಪಘಾತದ ಹೊತ್ತಿನಲ್ಲಿ ಮೊದಲು ಕೈಕೊಡುವುದು ವಿದ್ಯುತ್ತೇ.

ಸೈರಸ್‌ನಲ್ಲಿ ಇದಕ್ಕೆ ಎತ್ತರದಲ್ಲೊಂದು ದುಂಡನೆಯ ಜಲಾಗಾರವಿತ್ತು. ‘ಬಾಲ್ ಟ್ಯಾಂಕ್’ ಎಂದೇ ಕರೆಯಲಾಗುತ್ತಿದ್ದ ಅದರಿಂದ ವಿದ್ಯುತ್ ಹೋದಾಗ ನೀರು ತಾನಾಗಿ ರಿಯಾಕ್ಟರಿಗೆ ಇಳಿಯುತ್ತಿತ್ತು. ರಾಜಾಜಿನಗರದ ತಾರಸಿ ಟ್ಯಾಂಕಿನ ಹಿರಿಯಣ್ಣ ಎನ್ನಲಡ್ಡಿಯಿಲ್ಲ.

1972ರಲ್ಲಿ ರಾಮಣ್ಣ ಭಾಭಾ ಅಣು ಸಂಶೋಧನಾ ಕೇಂದ್ರದ ನಿರ್ದೇಶಕರಾದರು. ಎರಡೇ ವರ್ಷಗಳಲ್ಲಿ ಪೋಖ್ರಾನ್ ಸ್ಫೋಟ ನಡೆಯಿತು. ಅದರ ಬೆಲೆಯನ್ನು ತೆತ್ತದ್ದು ವಿದ್ಯುತ್ ಸ್ಥಾವರಗಳು. ಕೆನಡಾ ನೆರವು ನಿಲ್ಲಿಸಿತು. ರಾಜಸ್ಥಾನದ ಎರಡನೆಯ ಘಟಕ ವರ್ಷಗಳ ಕಾಲ ತಡವಾಗಿ 1981ರಲ್ಲಿ ಪೂರ್ಣಗೊಂಡಿತು. ಹೊರಗಿನಿಂದ ಬರುತ್ತಿದ್ದ ಉಪಕರಣಗಳನ್ನು ಇಲ್ಲಿಯೇ ಮಾಡಿ, ಇಲ್ಲಿಯೇ ಪರೀಕ್ಷಿಸುವುದು ಅನಿವಾರ್ಯವಾಯಿತು. ಈ ಅನಿವಾರ್ಯತೆಯನ್ನು ಸ್ವಾವಲಂಬನೆ ಎಂದು ಕೊಂಡಾಡುವವರು ಕಳೆದುಹೋದ ವರ್ಷಗಳ ಲೆಕ್ಕವನ್ನೂ ಇಡಬೇಕಾಗುತ್ತದೆ.

1978ರಿಂದ 1981ರವರೆಗೆ ರಕ್ಷಣಾ ಸಚಿವರ ವೈಜ್ಞಾನಿಕ ಸಲಹೆಗಾರರಾಗಿದ್ದು ಟ್ರಾಂಬೆಗೆ ಮರಳಿದ ರಾಮಣ್ಣ, 1983ರಲ್ಲಿ ಅಣುಶಕ್ತಿ ಆಯೋಗದ ಅಧ್ಯಕ್ಷರಾದರು. ಅದೇ ವರ್ಷದ ನವೆಂಬರ್ 15ರಂದು ಅಣುಶಕ್ತಿ ನಿಯಂತ್ರಣ ಮಂಡಳಿ ಸ್ಥಾಪನೆಯಾಯಿತು. ಸ್ಥಾವರ ಕಟ್ಟುವವರೇ ಸುರಕ್ಷತೆಗೂ ಪ್ರಮಾಣಪತ್ರ ಕೊಡುವ ವ್ಯವಸ್ಥೆಗೆ ಇದು ಮೊದಲ ತಿದ್ದುಪಡಿ. ಆದರೆ ಮಂಡಳಿ ವರದಿ ಒಪ್ಪಿಸಬೇಕಾದದ್ದು ಆಯೋಗಕ್ಕೇ. ಈ ಅರೆಮನಸ್ಸಿನ ಏರ್ಪಾಡು ಟೀಕೆಗೆ ಗುರಿಯಾಗುತ್ತಲೇ ಬಂದಿದೆ, ಟೀಕೆಯಲ್ಲಿ ಹುರುಳೂ ಇದೆ.

ಆ ಅವಧಿಯ ಅತಿದೊಡ್ಡ ಪರೀಕ್ಷೆ ಎದುರಾದದ್ದು ‘ಧ್ರುವ’ದ ರೂಪದಲ್ಲಿ. ಸ್ವದೇಶಿ ವಿನ್ಯಾಸದ ಈ 100 ಮೆಗಾವಾಟ್ ಸಂಶೋಧನಾ ರಿಯಾಕ್ಟರ್ 1985ರ ಆಗಸ್ಟ್ 8ರಂದು ಚಾಲನೆಗೊಂಡಿತು. ಅದರ ಮುಖ್ಯ ಪಂಪ್‌ಗಳಿಗೆ ಭಾರಿ ಫ್ಲೈವೀಲ್ ಜೋಡಿಸಲಾಗಿತ್ತು; ವಿದ್ಯುತ್ ಹೋದರೂ ಚಕ್ರದ ಓಟದಿಂದ ಪಂಪ್ ಕೆಲಹೊತ್ತು ತಿರುಗುತ್ತಿರುತ್ತದೆ. ಆ ಬಳಿಕ ಭಾರ ಹೊರುವ ಸಹಾಯಕ ಪಂಪ್‌ಗಳಿಗೆ ಮೋಟಾರಿನ ಜೊತೆಗೆ ಜಲಟರ್ಬೈನೂ ಉಂಟು. ಎತ್ತರದ ಟ್ಯಾಂಕಿನ ನೀರು ಇಳಿಯುತ್ತ ಟರ್ಬೈನನ್ನು ತಿರುಗಿಸಿದರೆ ಪಂಪ್ ನಡೆಯುತ್ತದೆ.

ಇಷ್ಟೆಲ್ಲ ಮುಂಜಾಗ್ರತೆಯ ನಡುವೆ ತೊಂದರೆ ಬಂದದ್ದು ಬೇರೆ ದಿಕ್ಕಿನಿಂದ. ರಭಸದಿಂದ ಹರಿಯುವ ಭಾರಜಲದಲ್ಲಿ ಇಂಧನ ಕಟ್ಟುಗಳು ನಿರೀಕ್ಷೆ ಮೀರಿ ಕಂಪಿಸತೊಡಗಿದವು. ಉಜ್ಜಾಟದಿಂದ ಸವೆದ ಅಲ್ಯೂಮಿನಿಯಂ ಕಣಗಳು ಭಾರಜಲವನ್ನು ಸೇರಿ ಅದನ್ನು ಕದಡಿದವು. ತಂಪು ಮಾಡಬೇಕಾದ ಹರಿವೇ ಇಂಧನಕ್ಕೆ ಶತ್ರುವಾಯಿತು. ಹರಿವನ್ನು ತಗ್ಗಿಸಿದರೆ ಶಾಖ ಉಳಿಯುತ್ತದೆ, ಹೆಚ್ಚಿಸಿದರೆ ಕಂಪನ ಏರುತ್ತದೆ. ರಿಯಾಕ್ಟರನ್ನು ನಿಲ್ಲಿಸದೆ ದಾರಿಯಿರಲಿಲ್ಲ. ದೇಶವೆಲ್ಲ ಸಂಭ್ರಮಿಸಿದ್ದ ಯಂತ್ರವನ್ನು ಬೆನ್ನಲ್ಲೇ ನಿಲ್ಲಿಸುವುದು ಆಯೋಗದ ಅಧ್ಯಕ್ಷರಿಗೆ ಮುಜುಗರದ ಸಂಗತಿಯೇ ಸರಿ. ಇಂಧನ ಕಟ್ಟುಗಳ ವಿನ್ಯಾಸವನ್ನು ಬದಲಿಸಿ, ಕಂಪನವನ್ನು ಹತೋಟಿಗೆ ತಂದು, ಹಂತಹಂತವಾಗಿ ಶಕ್ತಿ ಏರಿಸಲಾಯಿತು. ಧ್ರುವ ಪೂರ್ಣ ಶಕ್ತಿ ಮುಟ್ಟಿದ್ದು 1988ರ ಜನವರಿಯಲ್ಲಿ. ಅಷ್ಟರಲ್ಲಿ ರಾಮಣ್ಣ ನಿವೃತ್ತರಾಗಿ ವರ್ಷವೇ ಸಮೀಪಿಸುತ್ತಿತ್ತು. ಅವರ ಸ್ಥಾನಕ್ಕೆ ಬಂದಿದ್ದವರು ಅಪ್ಸರಾ ದಿನಗಳ ಸಹೋದ್ಯೋಗಿ ಶ್ರೀನಿವಾಸನ್.

ಬೆಂಗಳೂರಿಗೆ ಮರಳಿದ ರಾಮಣ್ಣ, ಜೆ.ಆರ್.ಡಿ. ಟಾಟಾ ಅವರ ಕನಸಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಮೊದಲ ನಿರ್ದೇಶಕರಾಗಿ ಅದನ್ನು ಬೆಳೆಸಿದರು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಆ ಸಂಸ್ಥೆಯಲ್ಲಿ ಭೌತಶಾಸ್ತ್ರದಷ್ಟೇ ಗೌರವ ಸಂಗೀತ, ತತ್ವಶಾಸ್ತ್ರಗಳಿಗೂ ದೊರೆಯಿತು. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರದಲ್ಲಿ ಕೆಲತಿಂಗಳು ರಕ್ಷಣಾ ಖಾತೆ ರಾಜ್ಯ ಸಚಿವರೂ ಆಗಿದ್ದರು.

ಇತ್ತ ಕರ್ನಾಟಕದಲ್ಲಿ ಕೈಗಾ ಕಾವೇರಿತ್ತು. ಕಾಳಿ ನದಿಯ ದಂಡೆಯ ಕಾಡಿನಲ್ಲಿ ಅಣುಸ್ಥಾವರ ಬೇಡವೆಂದು ಡಾ. ಶಿವರಾಮ ಕಾರಂತರು ಇಳಿವಯಸ್ಸಿನಲ್ಲಿ ಬೀದಿಗಿಳಿದರು, 1989ರ ಲೋಕಸಭಾ ಚುನಾವಣೆಗೂ ನಿಂತು ಸೋತರು. ಅದೇ ವರ್ಷ ಕಾಮಗಾರಿ ಆರಂಭವಾಯಿತು. ನಾಡು ತಲೆಬಾಗುತ್ತಿದ್ದ ಇಬ್ಬರು ಹಿರಿಯರು ಒಂದೇ ಪ್ರಶ್ನೆಯ ಎರಡು ದಡಗಳಲ್ಲಿದ್ದರು. ಕಾರಂತರ ಸಂಶಯವನ್ನು ಅಜ್ಞಾನವೆಂದು ತಳ್ಳಿಹಾಕಿದವರಿಗೆ ಉತ್ತರ ಬಂದದ್ದು ದೂರದ ಉತ್ತರ ಪ್ರದೇಶದಿಂದ.

1993ರ ಮಾರ್ಚ್ 31ರ ನಸುಕಿನಲ್ಲಿ ನರೋರಾ ಸ್ಥಾವರದ ಟರ್ಬೈನ್ ಅಲಗು ಮುರಿದು, ಹೈಡ್ರೋಜನ್ ಸೋರಿ ಬೆಂಕಿ ಹತ್ತಿಕೊಂಡಿತು. ಕೇಬಲ್‌ಗಳು ಸುಟ್ಟು, ತುರ್ತು ವಿದ್ಯುತ್ತೂ ಸೇರಿದಂತೆ ಎಲ್ಲವೂ ಹೋಯಿತು. ನಿಯಂತ್ರಣ ಕೊಠಡಿಯಲ್ಲಿ ಹೊಗೆ ತುಂಬಿ ಸಿಬ್ಬಂದಿ ಹೊರಬರಬೇಕಾಯಿತು. ಸುಮಾರು 17 ಗಂಟೆ ಸ್ಥಾವರ ಕತ್ತಲಲ್ಲಿತ್ತು. ರಿಯಾಕ್ಟರನ್ನು ಉಳಿಸಿದ್ದು ಬೆಂಕಿ ನಂದಿಸಲೆಂದು ಇಟ್ಟಿದ್ದ ಡೀಸೆಲ್ ಪಂಪ್‌ಗಳು. ಸಿಬ್ಬಂದಿ ಅವನ್ನು ಚಾಲೂ ಮಾಡಿ ಉಗಿ ಉತ್ಪಾದಕಗಳಿಗೆ ನೀರುಣಿಸಿದರು. ಟಾರ್ಚ್ ಹಿಡಿದು ಮೇಲೇರಿ ಬೋರಾನ್ ದ್ರಾವಣವನ್ನು ಕೈಯಾರೆ ಹರಿಸಿದರು. ವಿಕಿರಣ ಹೊರಬೀಳಲಿಲ್ಲ.

ಮರುವರ್ಷ ಮೇ 13ರಂದು ಕೈಗಾದಲ್ಲಿ ನಿರ್ಮಾಣ ಹಂತದ ಗುಮ್ಮಟದ ಒಳಪದರವೇ ಕಳಚಿ ಬಿತ್ತು. ವಿನ್ಯಾಸಗಳ ಮರುಪರಿಶೀಲನೆ ನಡೆಯಿತು. ಕೈಗಾದ ಮೊದಲೆರಡು ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದ್ದು 2000ದಲ್ಲಿ. ಅಲ್ಲಿಯೂ ಮುಖ್ಯ ಪಂಪ್‌ಗಳಿಗೆ ಫ್ಲೈವೀಲ್ ಉಂಟು. 2011ರ ಫುಕುಶಿಮಾ ದುರಂತದ ಬಳಿಕ, ಹೊರಗಿನಿಂದಲೇ ಪೈಪ್ ಜೋಡಿಸಿ ಡೀಸೆಲ್ ಪಂಪ್‌ನಿಂದ ನೀರುಣಿಸುವ ಸೌಲಭ್ಯವನ್ನು ದೇಶದ ಸ್ಥಾವರಗಳಿಗೆ ಸೇರಿಸಲಾಯಿತು. ನರೋರಾದ ಸಿಬ್ಬಂದಿ ಆಪತ್ತಿನಲ್ಲಿ ಮಾಡಿದ್ದನ್ನು ಹೀಗೆ ನಿಯಮವಾಗಿಸಲು 18 ವರ್ಷ ಹಿಡಿಯಿತು.

ಅದನ್ನು ನೋಡಲು ರಾಮಣ್ಣ ಇರಲಿಲ್ಲ. 1997ರಿಂದ 2003ರವರೆಗೆ ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದ ಅವರು 2004ರ ಸೆಪ್ಟೆಂಬರ್ 24ರಂದು ಮುಂಬೈನಲ್ಲಿ ನಿಧನರಾದರು. ಆಗ ಅವರಿಗೆ 79 ವರ್ಷ. ಇಂದೋರಿನ ಉನ್ನತ ತಂತ್ರಜ್ಞಾನ ಕೇಂದ್ರಕ್ಕೆ ಮರುವರ್ಷ ಅವರ ಹೆಸರಿಡಲಾಯಿತು. ಬಾಲ್ ಟ್ಯಾಂಕಿನ ಆಸರೆಯಲ್ಲಿ ಅರ್ಧ ಶತಮಾನ ಬಾಳಿದ ಸೈರಸ್ 2010ರ ಡಿಸೆಂಬರ್ 31ರಂದು ಶಾಶ್ವತವಾಗಿ ನಿಂತಿತು.